ಅಡ್ಡಗೀಟಿನ ಈಚೆ

ನಮ್ಮ ಕ್ಷೇತ್ರದ ಹೆಸರಿನೊಳಗೇ ಒಂದು ಸೇತುವೆಯಿದೆ:
ಡನ್‌ಮೋರ್–ರೈಲ್‌ಯಾರ್ಡ್.
ನಡುವಿನ ಆ ಅಡ್ಡಗೀಟು ಇದೆಯಲ್ಲ,
ಅದರ ಮೇಲೆ ನಲವತ್ತು ಚಳಿಗಾಲ ನಡೆದಿದ್ದೇನೆ,
ಕೆಳಗೆ ಗೋಧಿ ತುಂಬಿದ ಗೂಡ್ಸ್ ಡಬ್ಬಿಗಳು
ಒಂದಕ್ಕೊಂದು ಹಾಯ್ದು ಗೊಣಗುತ್ತಿರುವಾಗ.

ಮೊದಲು ಬರೀ ಡನ್‌ಮೋರ್.
ಯಾರೋ ಸರ್ವೇಯರಂತೆ, ಸೊಳ್ಳೆಗೆ ಬೇಸತ್ತು
ಒಂದೇ ಬೇಸಿಗೆ ಇದ್ದು ಹೋದವ.
ಅವನ ಹೆಸರು ಉಳಿಯಿತು.
ಅವನಿಗೆ ನದಿ ದಾಟಿಸಿದವರ ಹೆಸರು
ಯಾವ ನಕ್ಷೆಯಲ್ಲೂ ಇಲ್ಲ.

ಆಮೇಲೆ ನಮ್ಮವರು. ಕುರಿದೊಗಲ ಕೋಟು, ಬೆಳ್ಳುಳ್ಳಿ ಉಸಿರು,
ಉಕ್ರೇನಿನ ಮಣ್ಣು ಉಗುರಲ್ಲಿ.
ಆಗೆಲ್ಲ ಮತದಾರರ ಪಟ್ಟಿಯನ್ನು
ಟೆಲಿಫೋನ್ ಕಂಬಕ್ಕೆ ಮೊಳೆ ಹೊಡೆದು ಹಚ್ಚುತ್ತಿದ್ದರು:
ಹೆಸರು, ಮನೆ ನಂಬರು, ಕಸುಬು.
ಅಜ್ಜಿಗೆ ಓದು ಬಾರದು. ಆದರೂ ದಿನಾ ಹೋಗಿ
ಮೇಲಿನಿಂದ ಮೂರನೇ ಸಾಲನ್ನು
ಹೆಬ್ಬೆರಳಿನಿಂದ ಮುಟ್ಟಿ ಬರುವಳು.
ಮುಟ್ಟಿ ಮುಟ್ಟಿ ನಿಕೋಲಾ ಅಳಿಸಿಹೋದ,
ಹ್ರೆಬೆನ್ಯುಕ್ ಅಳಿಸಿಹೋಯಿತು,
ಚುನಾವಣೆಯ ಹೊತ್ತಿಗೆ ಅಜ್ಜ ಉಳಿದದ್ದು ಇಷ್ಟೇ:
ಬಾಯ್ಲರ್ ಕೆಲಸ.

ಹತ್ತು ವರ್ಷಕ್ಕೊಮ್ಮೆ ಜನಗಣತಿ.
ಅದರ ಬೆನ್ನಿಗೇ ಮೂವರು ಬರುತ್ತಾರೆ,
ಒಬ್ಬ ನ್ಯಾಯಾಧೀಶ, ಇಬ್ಬರು ಓದಿಕೊಂಡವರು.
ಹಣೆಬರಹ ಅಳಿಸಲಾಗದು ಅಂತಾರೆ;
ಇವರ ಹತ್ತಿರ ರಬ್ಬರಿದೆ.
ಒಮ್ಮೆ ಅಡ್ಡಗೀಟು ಕೊಟ್ಟರು.
ಒಮ್ಮೆ ಹಿಟ್ಟಿನ ಗಿರಣಿಯ ಬೀದಿ ಕಿತ್ತುಕೊಂಡರು,
ಬದಲಿಗೆ ಒಂದು ಸ್ಮಶಾನ ಸೇರಿಸಿದರು:
ಹನ್ನೊಂದು ಸಾವಿರ ಜನ, ಒಂದೂ ಮತವಿಲ್ಲ,
ಯಾರ ಮೇಲೂ ತಕರಾರಿಲ್ಲ.

ಈ ಸಲ ಗೆರೆ ಕೆಟಲ್ ಬೀದಿಯ ನಟ್ಟನಡುವೆ ಬಂತು.
ಬೆಸ ನಂಬರು ಆಚೆ, ಸಮ ನಂಬರು ಈಚೆ.
ಅಹವಾಲು ಕೇಳುವ ದಿನ ಆರೇ ಜನ ಬಂದಿದ್ದರು,
ಅದರಲ್ಲಿ ಒಬ್ಬ ಬೆಚ್ಚಗಿರಲು ಬಂದವ.
ನಾನು ಎದ್ದು ಹೇಳಿದೆ:
ಸ್ವಾಮಿ, ಎದುರುಮನೆ ಟಿಯೊಡುಲೊ ಬೆಳಗಿನ ಜಾವ
ಫಿಲಿಪೀನ್ಸಿನ ತಂಗಿಯ ಜೊತೆ ಫೋನಲ್ಲಿ ಜಗಳವಾಡುತ್ತಲೇ
ನನ್ನ ಮೆಟ್ಟಿಲ ಹಿಮ ಎತ್ತಿ ಹಾಕುತ್ತಾನೆ.
ಇದನ್ನು ಯಾವ ಕ್ಷೇತ್ರಕ್ಕೆ ಬರೆದುಕೊಳ್ಳುತ್ತೀರಿ?
ನ್ಯಾಯಾಧೀಶರು ನಿಜವಾಗಿಯೂ ಬರೆದುಕೊಂಡರು.
ವರದಿಯ ಕೊನೆಯ ಪುಟದಲ್ಲಿ ನಾನಿದ್ದೇನೆ:
‘ಒಂದು ಮನವಿ. ಪರಿಗಣಿಸಲಾಯಿತು.’

ಎಷ್ಟು ಜನ ನೀವು ಎಂದರೆ ಎಂಬತ್ತೆಂಟು ಸಾವಿರದ ಚಿಲ್ಲರೆ.
ನಾವೆಲ್ಲ ಇರುವುದು ಆ ಚಿಲ್ಲರೆಯಲ್ಲೇ.
ನಮ್ಮವರ ರೊಟ್ಟಿಯಂಗಡಿ ಈಗ ಎರಿಟ್ರಿಯಾದ ಸೆಲಾಮಾವಿತ್‌ಳದು.
ಗಸಗಸೆ ಸುರುಳಿ ಅಜ್ಜಿ ಮಾಡುತ್ತಿದ್ದದ್ದಕ್ಕಿಂತ ಹದ
(ಇದನ್ನು ಚರ್ಚಿನಲ್ಲಿ ಹೇಳಬೇಡಿ).

ಮತದಾನದ ದಿನ, ಚರ್ಚಿನ ನೆಲಮಾಳಿಗೆ.
ಒದ್ದೆ ಬೂಟು, ಕಾಫಿ, ಸೀಮೆಸುಣ್ಣದ ವಾಸನೆ.
ಟಿಯೊಡುಲೊ ಎಂದಿನಂತೆ ನನ್ನ ಮೇಜಿಗೇ ಬಂದ.
ಪಟ್ಟಿಯಲ್ಲಿ ಬೆರಳಾಡಿಸಿದೆ, ಅವನಿಲ್ಲವೆಂದು ಗೊತ್ತಿದ್ದೂ
ಎರಡು ಸಲ ಆಡಿಸಿದೆ.
‘ನಿಮ್ಮದು ಇಲ್ಲಲ್ಲ. ಎಂಟು ಬ್ಲಾಕ್ ಆಚೆ, ಸ್ಕೇಟಿಂಗ್ ಹಾಲ್.’
ಟೋಪಿ ಮತ್ತೆ ಹಾಕಿಕೊಂಡ.
‘ಹಾಗಾದರೆ ಸಂಜೆ ಸಿಗೋಣ,’ ಅಂದ, ವಿದೇಶಕ್ಕೆ ಹೊರಟವನಂತೆ.

ಅಡಿಲೇಡ್ ಮೂಸ್‌ಟೂಸ್ ಬಂದದ್ದು ಕತ್ತಲಾದ ಮೇಲೆ.
ಕ್ರೀ ಜನ ಅವಳು. ಮೀಸಲು ನೆಲದಲ್ಲಿದ್ದಷ್ಟು ಕಾಲ
ಅವಳಿಗೆ ಮತವಿರಲಿಲ್ಲ, ಅರವತ್ತರ ಕಾನೂನಿನವರೆಗೆ.
ತೊಂಬತ್ತಾದರೂ ಅಂಚೆ ಮತ ಬೇಡವೆನ್ನುತ್ತಾಳೆ.
ಪರದೆಯ ಹಿಂದೆ ಅಷ್ಟು ಹೊತ್ತು.
ಸಾಲು ಕೆಮ್ಮಿತು. ನಾನು ಸಾಲನ್ನು ನೋಡಿದೆ.
ಸಾಲು ಸುಮ್ಮನಾಯಿತು.

ರಾತ್ರಿ ಎಣಿಕೆ. ನೂರಾ ನಲವತ್ತು, ನೂರಾ ನಲವತ್ತೊಂದು.
ಒಂದು ಚೀಟಿ: ಪೆನ್ಸಿಲ್ಲಿನ ಅಡ್ಡಗೀಟೊಂದು,
ಅದರ ಮೇಲೆ ಮತ್ತೊಂದು,
ಕಾಗದ ಹರಿದು ಆಚೆ ಬೆಳಕು ಕಾಣುವಷ್ಟು ಒತ್ತಿ.

ಏಜೆಂಟರು ಕತ್ತು ಚಾಚಿದರು. ತಿರಸ್ಕೃತವೇ?
ಗುರುತು ಹಿಡಿಯುವುದಿಲ್ಲವೆಂದು ಪ್ರಮಾಣ ಮಾಡಿದವಳು ನಾನು.
ಹಿಡಿಯಲಿಲ್ಲ.
ಚೀಟಿಯನ್ನು ದೀಪಕ್ಕೆ ಹಿಡಿದೆ, ಸಿಂಧು ಎಂದೆ,
ಗುಡ್ಡೆಯ ಮೇಲಿಡುವಾಗ
ಹೆಬ್ಬೆರಳು ತಾನಾಗಿ ಒಮ್ಮೆ
ಆ ತೂತನ್ನು ಮುಟ್ಟಿತು.